ಚಳಿಗಾಲದ ಮೊದಲ ಹಿಮದಲ್ಲಿ ಹಿಮಕುಸಿತದ ಅಪಾಯವನ್ನು ಗುರುತಿಸುವುದು ಹೇಗೆ?

ಋತುವಿನ ಆರಂಭದಲ್ಲಿ ಹಿಮ ತೆಳುವಾಗಿರುವುದರಿಂದ ಕುಸಿತದ ಭಯವಿಲ್ಲವೆಂದು ಹಲವರು ನಂಬುತ್ತಾರೆ. ಇದು ಅಪಾಯಕಾರಿ ನಂಬಿಕೆ. ಸ್ಕೀ ಮಾಡಲು ಸಾಲುವಷ್ಟು ಹಿಮ ಎಲ್ಲಿ ಸೇರಿರುತ್ತದೆಯೋ, ಕುಸಿಯಲು ಸಾಲುವಷ್ಟು ಹಿಮವೂ ಅಲ್ಲಿಯೇ ಇರುತ್ತದೆ.

ಮೊದಲ ಹಿಮದ ತಳಭಾಗ ನೆಲದ ಶಾಖದಿಂದ 0 ಡಿಗ್ರಿಯ ಆಸುಪಾಸಿನಲ್ಲಿದ್ದರೆ, ಮೋಡವಿಲ್ಲದ ರಾತ್ರಿಗಳಲ್ಲಿ ಅದರ ಮೇಲ್ಮೈ ಬಹಳ ತಣ್ಣಗಾಗುತ್ತದೆ. ಪದರ ತೆಳುವಾದಷ್ಟೂ ಈ ವ್ಯತ್ಯಾಸ ತೀವ್ರ. 10 ಸೆಂ.ಮೀ. ದಪ್ಪಕ್ಕೆ ಸುಮಾರು 1 ಡಿಗ್ರಿ ಸೆಲ್ಸಿಯಸ್ ಮೀರಿದರೆ, ಒಳಗಿನ ನೀರಾವಿ ಮೇಲಕ್ಕೆ ಸರಿಯುತ್ತಾ ಹಿಮಕಣಗಳನ್ನು ಒಂದಕ್ಕೊಂದು ಅಂಟದ, ಮೊನಚು ಅಂಚಿನ ಹರಳುಗಳನ್ನಾಗಿ ಮಾರ್ಪಡಿಸುತ್ತದೆ. ಅಂತಹ ಹಿಮವನ್ನು ಮುಷ್ಟಿಯಲ್ಲಿ ಅದುಮಿದರೆ ಉಂಡೆಯಾಗದೆ ಸಕ್ಕರೆಯಂತೆ ಬೆರಳ ಸಂದಿನಿಂದ ಉದುರುತ್ತದೆ. ಉತ್ತರಾರ್ಧಗೋಳದಲ್ಲಿ ಬಿಸಿಲು ಬೀಳದ, ಉತ್ತರಕ್ಕೆ ಮುಖಮಾಡಿದ ಎತ್ತರದ ಇಳಿಜಾರುಗಳಲ್ಲಿ ಇದು ವಾರಗಟ್ಟಲೆ ಉಳಿಯುತ್ತದೆ; ಮುಂದಿನ ಬಿರುಗಾಳಿ ತಂದ ಹೊಸ ಹಿಮ ಅದರ ಮೇಲೆ ಗಟ್ಟಿ ಹಲಗೆಯಾಗಿ ಕೂರುತ್ತದೆ. ಕೆಳಗಿನ ಈ ಸಡಿಲ ಪದರ ಮುರಿದಾಗ ಹಲಗೆ ಇಡಿಯಾಗಿ ಜಾರುತ್ತದೆ.

ಆದ್ದರಿಂದ ಹೊರಡುವ ಮೊದಲು ಸ್ಥಳೀಯ ಹಿಮಕುಸಿತ ಮುನ್ಸೂಚನೆಯನ್ನು ಓದಬೇಕು. ಈ ಕಾಲದಲ್ಲಿ ಅದು ಇನ್ನೂ ಪ್ರಕಟವಾಗುತ್ತಿರದಿರಬಹುದು. ಆಗ ಹಿಂದಿನ ದಿನಗಳ ಹಿಮ, ಗಾಳಿ ಮತ್ತು ಉಷ್ಣಾಂಶದ ವಿವರಗಳನ್ನು ಕಲೆಹಾಕಿ ತಾವೇ ಅಂದಾಜು ಮಾಡಬೇಕಾಗುತ್ತದೆ. ಹಲಗೆಯಾಗಿ ಜಾರುವ ಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುವುದರಿಂದ, ಕೋನಮಾಪಕದಲ್ಲಿ ಅಳೆದು 30ಕ್ಕಿಂತ ಕಡಿಮೆ ಇರುವ ದಾರಿ ಹಿಡಿಯುವುದೇ ಎಲ್ಲಕ್ಕಿಂತ ನಂಬಿಕೆಯ ಉಪಾಯ. ಆದರೆ ತಲೆಯ ಮೇಲೆ ಕಡಿದಾದ ಇಳಿಜಾರು ಇದೆಯೇ ಎಂಬುದನ್ನೂ ನೋಡಬೇಕು, ಏಕೆಂದರೆ ಕೆಳಗಿನಿಂದಲೂ ಕುಸಿತವನ್ನು ಎಬ್ಬಿಸಬಹುದು.

ನಡೆಯುವಾಗ ಕಾಲಡಿಯಲ್ಲಿ "ಧಪ್" ಎಂಬ ಮಂದ ಸದ್ದು ಕೇಳಿದರೆ, ಸ್ಕೀಯ ತುದಿಯಿಂದ ಬಿರುಕು ಮುಂದಕ್ಕೆ ಓಡಿದರೆ, ಅಥವಾ ಅಕ್ಕಪಕ್ಕ ಹೊಸ ಕುಸಿತ ಕಂಡರೆ, ಪದರಗಳನ್ನು ನೋಡಲು ಹಿಮದಲ್ಲಿ ಗುಂಡಿ ತೋಡಿ ಪರೀಕ್ಷಿಸುವ ಅಗತ್ಯವೇ ಇಲ್ಲ. ಕಡಿದಾದ ಜಾಗವನ್ನು ಅಲ್ಲಿಗೇ ಬಿಡಬೇಕು. ಇಂತಹ ಲಕ್ಷಣ ಕಾಣದಿದ್ದಾಗ ಗುಂಡಿಯ ಪರೀಕ್ಷೆ ಉಪಯುಕ್ತ, ಆದರೂ ಒಂದು ಗುಂಡಿಯ ಒಳ್ಳೆಯ ಫಲಿತಾಂಶ ಇಡೀ ಇಳಿಜಾರಿಗೆ ಅನ್ವಯಿಸುವುದಿಲ್ಲ. ಗಾಳಿ ಹಿಮವನ್ನು ಹೊತ್ತು ತಂದು ತುಂಬಿಸಿದ ಕೊರಕಲುಗಳಲ್ಲಿ ಅದು ನುಣುಪಾಗಿ ಉಬ್ಬಿ ಆಕರ್ಷಕವಾಗಿ ಕಾಣುತ್ತದೆ. ಅವುಗಳ ಬಗ್ಗೆ ವಿಶೇಷ ಎಚ್ಚರ ಬೇಕು.

ಅಪಾಯದ ಇಳಿಜಾರನ್ನು ದಾಟಲೇಬೇಕಾದರೆ ಒಬ್ಬೊಬ್ಬರಾಗಿ ದಾಟಿ, ಉಳಿದವರು ಸುರಕ್ಷಿತ ಜಾಗದಿಂದ ಕಣ್ಣಿಡಬೇಕು. ತೆಳು ಹಿಮದಡಿ ಬಂಡೆ, ಮರದ ಬೊಡ್ಡೆಗಳು ಅಡಗಿರುವುದರಿಂದ ಸಣ್ಣ ಕುಸಿತವೂ ಎಳೆದೊಯ್ದು ಮಾರಣಾಂತಿಕ ಪೆಟ್ಟು ಕೊಡಬಲ್ಲದು; ಆದ್ದರಿಂದ ತಲೆಗೆ ಹೆಲ್ಮೆಟ್ ಧರಿಸಿರಬೇಕು. ಪ್ರತಿಯೊಬ್ಬರ ಬಳಿಯೂ 457 ಕಿಲೋಹರ್ಟ್ಸ್ ಟ್ರಾನ್ಸೀವರ್ (ಹೂತವರನ್ನು ಪತ್ತೆಹಚ್ಚಲು ರೇಡಿಯೊ ಸಂಕೇತ ಕಳಿಸುವ, ಹಿಡಿಯುವ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದನೆಯ ಕಡ್ಡಿ) ಮತ್ತು ಸಲಿಕೆ ಇರಬೇಕು. ಹೂತುಹೋದವರು ಬದುಕುವ ಸಾಧ್ಯತೆ ಮೊದಲ 10 ನಿಮಿಷಗಳ ನಂತರ ವೇಗವಾಗಿ ಕುಸಿಯುವುದರಿಂದ, ಹೊರಗಿನ ನೆರವು ಬರುವ ಮೊದಲೇ ಜೊತೆಗಾರರೇ ಅಗೆದು ತೆಗೆಯಬೇಕಾಗುತ್ತದೆ. ಬೇಸಿಗೆಯಿಡೀ ಪೆಟ್ಟಿಗೆಯಲ್ಲಿದ್ದ ಟ್ರಾನ್ಸೀವರಿನ ಬ್ಯಾಟರಿ ಬದಲಿಸಿ, ಹುಡುಕಾಟದ ಅಭ್ಯಾಸವನ್ನು ಮೊದಲ ಪಯಣಕ್ಕೆ ಮುನ್ನವೇ ಮಾಡಿ ಮುಗಿಸಿ.