‘ಮತ್ತು ಸಂಗಡಿಗರು’

ಭಾವಗೀತೆಯ ಕ್ಯಾಸೆಟ್ಟಿನ ಹಿಂಬದಿಯಲ್ಲಿ ಮುಖ್ಯ ಗಾಯಕರ ಹೆಸರಾದ ಮೇಲೆ ‘ಮತ್ತು ಸಂಗಡಿಗರು’ ಎಂದು ಅಚ್ಚಾಗಿರುತ್ತಿತ್ತಲ್ಲ, ಆ ಸಂಗಡಿಗರಲ್ಲಿ ನಾನೂ ಒಬ್ಬಳು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಸ್ಟುಡಿಯೊಗಳಲ್ಲಿ ಐದಾರು ಹುಡುಗಿಯರು ಒಂದೇ ಮೈಕಿನ ಸುತ್ತ ನಿಂತು, ಕೈಸನ್ನೆಯಾದ ಕೂಡಲೇ ಪಲ್ಲವಿ ಎತ್ತಿಕೊಳ್ಳುತ್ತಿದ್ದೆವು. ಮದುವೆಯಾಗಿ ಮಿಶಿಗನ್‌ಗೆ ಬಂದ ಮೇಲೆ ಹಾಡು ಕನ್ನಡ ಕೂಟದ ಯುಗಾದಿ, ರಾಜ್ಯೋತ್ಸವಗಳಿಗೆ ಸೀಮಿತವಾಯಿತು. ಐವತ್ತು ದಾಟಿದ ಮೇಲೆ, ಡೆಟ್ರಾಯಿಟ್ ಹೊರವಲಯದ ನಮ್ಮ ಊರಿನಲ್ಲಿ ಸೋಲ್ ಎಂಬ, ಕಪ್ಪು ಅಮೆರಿಕನ್ನರ ಸಂಗೀತದ ಹವ್ಯಾಸಿ ಮೇಳವೊಂದನ್ನು ಸೇರಿದೆ. ಫೋನಿನಲ್ಲಿ ಅಮ್ಮನಿಗೆ ಅದು ‘ಸೋಲು’ ಎಂದು ಕೇಳಿಸಿ, “ಹಾಡುವುದರಲ್ಲಿ ಎಂಥ ಸೋಲೇ?” ಎಂದು ಗಾಬರಿಯಾದಳು.

ನಾನು ಹೋದದ್ದು ಮುಂದೆ ನಿಂತು ಹಾಡುವ ಆಸೆಯಿಂದ. ಅದಕ್ಕೆ ಕಾರಣ ಲೀವೈ ಸ್ಟಬ್ಸ್. ‘ಫೋರ್ ಟಾಪ್ಸ್’ ಎಂಬ ಡೆಟ್ರಾಯಿಟ್‌ನ ನಾಲ್ವರ ಮೇಳದ ಮುಖ್ಯ ಗಾಯಕ. ಅವನದು ಬ್ಯಾರಿಟೋನ್, ಗಂಡಸರ ನಡುಮಟ್ಟದ ತುಂಬು ಧ್ವನಿ. ಅವನಿಗೆ ಹಾಡು ಬರೆಯುತ್ತಿದ್ದ ಬ್ರಯನ್ ಹಾಲೆಂಡ್, ಲಮಾಂಟ್ ಡೋಜಿಯರ್, ಎಡ್ಡಿ ಹಾಲೆಂಡ್ ಎಂಬ ಮೂವರು ಬೇಕೆಂದೇ ಅವನ ಶ್ರುತಿಯನ್ನು ಮೇಲೆ ಇಡುತ್ತಿದ್ದರು. ಎಟುಕದ ಸ್ವರಕ್ಕೆ ಕೈಚಾಚುವ ಆ ಪಾಡು ಕೇಳುವವರಿಗೆ ಅಂಗಲಾಚಿದಂತೆ ಕೇಳಿಸುತ್ತದೆ. 1966ರಲ್ಲಿ ಅಮೆರಿಕ, ಬ್ರಿಟನ್ ಎರಡೂ ಕಡೆ ಮೊದಲ ಸ್ಥಾನಕ್ಕೇರಿದ ‘ರೀಚ್ ಔಟ್ ಐಲ್ ಬಿ ದೇರ್’ ಹಾಡಿನಲ್ಲಿ ಅವನು ಅರ್ಧ ಹಾಡುತ್ತಾನೆ, ಇನ್ನರ್ಧ ಕೂಗುತ್ತಾನೆ. ನನ್ನ ಧ್ವನಿಯೂ ತಗ್ಗಿನದು. ಸಂಗೀತದ ಮೇಷ್ಟರು ಅದಕ್ಕಾಗಿಯೇ ನನ್ನನ್ನು ಹಿಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು. ಆ ಹಳೆಯ ಸಿಟ್ಟಿಗೆ ಸ್ಟಬ್ಸ್ ಒಳ್ಳೆಯ ಜೊತೆಗಾರನಾಗಿದ್ದ.

ಮೇಳ ನಡೆಸುವಾಕೆ ಎಪ್ಪತ್ತು ದಾಟಿದ ಹಿರಿಯಾಕೆ, ಚರ್ಚಿನ ಗಾಯನವೃಂದದಲ್ಲಿ ಬೆಳೆದವರು. ನಾನು ಹಾಡಿದ್ದನ್ನು ಪೂರ್ತಿ ಕೇಳಿ, ಚೆನ್ನಾಗಿದೆ ಎಂದು ಹೇಳಿ, ಮೂರನೆಯ ದನಿಯಲ್ಲಿ ನಿಲ್ಲಿಸಿದರು. ಎಂದರೆ ಹಿಂದೆ ಹಾಡುವ ಮೂವರು ಹೆಂಗಸರಲ್ಲಿ ಎಲ್ಲರಿಗಿಂತ ಕೆಳಗಿನ ದನಿ. ಮತ್ತೆ ಸಂಗಡಿಗರೇ!

ಮೂರನೆಯ ದನಿಯ ಕಷ್ಟವನ್ನು ನಮ್ಮ ಸಂಗೀತ ಕಲಿತವರಿಗೆ ಸ್ವರದಲ್ಲೇ ಹೇಳಬಹುದು. ನಮ್ಮ ಕೋರಸ್ಸಿನಲ್ಲಿ ಎಲ್ಲರೂ ಒಂದೇ ಧಾಟಿ ಹಾಡುತ್ತೇವೆ. ತಪ್ಪಿದರೆ ಪಕ್ಕದವಳನ್ನು ಹಿಡಿದುಕೊಂಡರೆ ಸಾಕು. ಇಲ್ಲಿ ಪಕ್ಕದವಳನ್ನು ಹಿಡಿದರೆ ಮುಳುಗಿದಂತೆ. ಮೂವರೂ ಸ–ಗ–ಪ ಹಿಡಿದು ನಿಂತಿರುತ್ತೇವೆ. ಮೇಲಿನ ಇಬ್ಬರು ಮ, ದ ಕ್ಕೆ ಹತ್ತುತ್ತಾರೆ. ನಾನು ಷಡ್ಜ, ಎಂದರೆ ಸ, ಬಿಟ್ಟು ಕದಲಬಾರದು. ಮುಂದಿನ ಸಾಲಿನಲ್ಲಿ ಅವರು ರಿ, ಪ ಕ್ಕೆ ಇಳಿದಾಗ ನಾನು ಅರ್ಧ ಸ್ವರವಷ್ಟೇ ಜಾರಿ ಮಂದ್ರ ನಿಷಾದದಲ್ಲಿ, ಎಂದರೆ ಷಡ್ಜದ ಕೆಳಗಿನ ನಿ ಯಲ್ಲಿ, ನಿಲ್ಲಬೇಕು. ಕೈಬೆರಳಿನಲ್ಲಿ ಎಣಿಸಿದರೆ ಮಗುವಿಗೂ ಆಗುವ ಕೆಲಸ. ಆದರೆ ಶಂಕರಾಭರಣ ಹಾಡಿ ಪಳಗಿದ ಗಂಟಲಿಗೆ ಆ ನಿಷಾದ ಸುಮ್ಮನೆ ನಿಲ್ಲುವ ಸ್ವರವಲ್ಲ. ಅದು ಷಡ್ಜದ ಕಡೆಗೆ ತುಯ್ಯುತ್ತದೆ, ತೂಗುತ್ತದೆ. ನಾನು ತೂಗಿದ ಕೂಡಲೇ ಮೂರು ದನಿಗಳ ನಡುವೆ ಬಿರುಕು ಬಿಟ್ಟಂತೆ ಕೇಳಿಸುತ್ತಿತ್ತು. ಹಿರಿಯಾಕೆ ಏನೂ ಹೇಳದೆ ಅಂಗೈಯನ್ನು ಚಪ್ಪಟೆಯಾಗಿ ಗಾಳಿಯಲ್ಲಿ ಸವರುತ್ತಿದ್ದರು, ದೋಸೆ ಹಿಟ್ಟನ್ನು ಸಮ ಮಾಡಿದ ಹಾಗೆ.

ಮೊದಲ ತಿಂಗಳು ಶ್ರುತಿಪೆಟ್ಟಿಗೆ ಹಾಕಿಕೊಂಡು ಅಭ್ಯಾಸ ಮಾಡಿದೆ. ಅದು ಶುದ್ಧ ದಡ್ಡತನ. ಶ್ರುತಿ ಒಂದೇ ಕಡೆ ನಿಲ್ಲುತ್ತದೆ, ಈ ಹಾಡುಗಳಲ್ಲಿ ಕಾಲಡಿಯ ನೆಲವೇ ಜರುಗುತ್ತಿರುತ್ತದೆ. ಆಮೇಲೆ ಮಾಡಿದ್ದು ಇಷ್ಟು: ಮೇಲಿನ ಇಬ್ಬರ ದನಿಯನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡೆ, ನನ್ನದನ್ನು ಬಿಟ್ಟು. ಕಚೇರಿಗೆ ಹೋಗಿಬರುವ ದಾರಿಯಲ್ಲಿ ಅವರನ್ನು ಜೋರಾಗಿ ಹಚ್ಚಿ, ಖಾಲಿ ಇದ್ದ ಜಾಗದಲ್ಲಿ ನಾನು ಹಾಡಿದೆ. ಆರಂಭದಲ್ಲಿ ಎರಡನೆಯ ಸಾಲಿಗೇ ಅವರ ಮಡಿಲಿಗೆ ಬಿದ್ದುಬಿಡುತ್ತಿದ್ದೆ. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಹಿಮ ಕೆರೆದು ಕಾರು ಹತ್ತಿದ ದಿನ, ಪೂರ್ತಿ ಹಾಡು ನನ್ನ ಸಾಲಿನಲ್ಲೇ ಉಳಿದೆ. ಹಾಡು ಮುಗಿದದ್ದು ತಿಳಿಯದೆ ನಿಷಾದ ಹಿಡಿದುಕೊಂಡೇ ಇದ್ದೆ.

ಉಳಿದವು ಚಿಲ್ಲರೆ ವಿದ್ಯೆಗಳು, ಆದರೆ ಅವಿಲ್ಲದೆ ಮೇಳವಿಲ್ಲ. ‘ಊ’ ಎನ್ನುವಾಗ ಮೂವರ ತುಟಿಯೂ ಒಂದೇ ಅಗಲಕ್ಕೆ ತೆರೆಯಬೇಕು. ಪದದ ಕೊನೆಯ ‘ಸ್’, ‘ಟ್’ಗಳನ್ನು ಹಿಂದಿನವರು ನುಂಗಿಬಿಡಬೇಕು, ಇಲ್ಲದಿದ್ದರೆ ಮೂರು ಹಾವು ಬುಸುಗುಟ್ಟಿದಂತಾಗುತ್ತದೆ. ಉದ್ದದ ಸ್ವರದಲ್ಲಿ ಒಟ್ಟಿಗೆ ಉಸಿರೆಳೆಯಕೂಡದು, ಸರದಿಯಂತೆ ಕದ್ದು ಎಳೆಯಬೇಕು.

ಆ ಚಳಿಗಾಲದಲ್ಲೇ ಡೆಟ್ರಾಯಿಟ್‌ನ ವೆಸ್ಟ್ ಗ್ರ್ಯಾಂಡ್ ಬೂಲೆವಾರ್ಡ್‌ನ 2648ನೇ ನಂಬರಿನ ಮನೆಗೆ ಹೋದೆ. ಕಾರು ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಬೆರಿ ಗಾರ್ಡಿ 1959ರಲ್ಲಿ ಕೊಂಡ ಮನೆ ಅದು. ಫೋರ್ ಟಾಪ್ಸ್ ಹಾಡುಗಳನ್ನು ಹೊರತಂದ ಮೋಟೌನ್ ಎಂಬ ಧ್ವನಿಮುದ್ರಣ ಸಂಸ್ಥೆ ಬೆಳೆದದ್ದು ಅಲ್ಲೇ, ಈಗ ವಸ್ತುಸಂಗ್ರಹಾಲಯ. ಸ್ಟುಡಿಯೊ ನೋಡಿ ನನಗೆ ನಮ್ಮ ಬೆಂಗಳೂರಿನ ಸ್ಟುಡಿಯೊಗಳು ನೆನಪಾದವು, ಅಷ್ಟು ಇಕ್ಕಟ್ಟು. ಮಹಡಿಯ ಚಾವಣಿಯಲ್ಲಿ ಒಂದು ಕಿಂಡಿ ಇದೆ. ಅದರ ಕೆಳಗೆ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಅಟ್ಟದೊಳಗೆ ಸುತ್ತಾಡಿ ದಪ್ಪವಾಗಿ ಮರಳುತ್ತದೆ. ಹಾಡುಗಳಿಗೆ ಅನುರಣನ ಕೊಟ್ಟದ್ದು ಆ ಅಟ್ಟವೇ.

ಫೋರ್ ಟಾಪ್ಸ್ ಧ್ವನಿಮುದ್ರಿಕೆಗಳಲ್ಲಿ ನಾಲ್ವರು ಗಂಡಸರ ಹಿಂದೆ ಹೆಣ್ಣು ದನಿಗಳಿವೆಯೆಂದು ನನ್ನ ಕಿವಿಗೆ ಅನ್ನಿಸಿದ್ದುಂಟು, ಯಾರದೆಂದು ಗೊತ್ತಿರಲಿಲ್ಲ. ಅಂದು ತಿಳಿಯಿತು, ಅವರು ‘ಆಂಡಾಂಟೀಸ್’: ಜಾಕಿ ಹಿಕ್ಸ್, ಮಾರ್ಲೀನ್ ಬ್ಯಾರೋ, ಲೂವೈನ್ ಡೆಂಪ್ಸ್. ಮೋಟೌನ್‌ನ ಅಸಂಖ್ಯ ಹಾಡುಗಳಲ್ಲಿ ಹಿನ್ನೆಲೆಗೆ ನಿಂತವರು. 1968ರಲ್ಲಿ ‘ಸುಪ್ರೀಮ್ಸ್’ ಹೆಸರಿನಲ್ಲಿ ಬಂದ ‘ಲವ್ ಚೈಲ್ಡ್’ ಹಾಡಿನಲ್ಲಿ ಡಯಾನಾ ರಾಸ್ ಹಿಂದೆ ಹಾಡಿದ್ದು ಆ ಮೇಳದ ಉಳಿದ ಇಬ್ಬರಲ್ಲ, ಇವರು. ಧ್ವನಿಮುದ್ರಿಕೆಯ ಮೇಲೆ ಇವರ ಹೆಸರಿಲ್ಲ. ನಮಗೆ ‘ಸಂಗಡಿಗರು’ ಎಂಬ ಪದವಾದರೂ ಸಿಕ್ಕಿತ್ತು.

ಅಂದಿನಿಂದ ಸ್ಟಬ್ಸ್‌ನನ್ನೂ ಬೇರೆ ರೀತಿಯಲ್ಲಿ ಕೇಳತೊಡಗಿದೆ. 1936ರಲ್ಲಿ ಹುಟ್ಟಿದವನು, 1953ರಲ್ಲಿ ಡ್ಯೂಕ್ ಫಕೀರ್, ಓಬಿ ಬೆನ್ಸನ್, ಲಾರೆನ್ಸ್ ಪೇಟನ್ ಎಂಬ ಗೆಳೆಯರ ಜೊತೆ ಹಾಡಲು ನಿಂತ. ಫಕೀರನ ತಂದೆ ಇಂದಿನ ಬಾಂಗ್ಲಾದೇಶದಿಂದ ಬಂದವರು ಎಂದು ತಿಳಿದಾಗ, ಯಾವ ನಂಟೂ ಇಲ್ಲದ ನನಗೂ ಸುಮ್ಮನೆ ಖುಷಿಯಾಯಿತು. ಹನ್ನೊಂದು ವರ್ಷ ಹೇಳಿಕೊಳ್ಳುವಂಥ ಒಂದೂ ಹಾಡಿಲ್ಲ. ಕ್ಲಬ್ಬುಗಳಲ್ಲಿ ಜಾಝ್ ಹಾಡಿಕೊಂಡು ಅಲೆದರು. 1964ರಲ್ಲಿ ಮೊದಲ ಗೆಲುವು ಬಂತು. ಯಾರ್‍ಯಾರು ಯಾವ ಸ್ವರ ಹಿಡಿಯಬೇಕೆಂದು ಹಂಚಿಕೊಡುತ್ತಿದ್ದವನು ಪೇಟನ್, ನಮ್ಮ ಹಿರಿಯಾಕೆಯ ಕೆಲಸವೇ. ಆ ಕಾಲದಲ್ಲಿ ಮೇಳದ ಮುಖ್ಯ ಗಾಯಕರ ಹೆಸರನ್ನು ಮುಂದಕ್ಕೆ ತಂದು ‘ಇಂಥವರು ಮತ್ತು ಸಂಗಡಿಗರು’ ಎನ್ನುವ ಚಾಳಿ ಮೋಟೌನ್‌ನಲ್ಲಿ ಹತ್ತಿತ್ತು. ಸ್ಟಬ್ಸ್ ಅದಕ್ಕೆ ಒಪ್ಪಲಿಲ್ಲ, ಗುಂಪು ಬಿಟ್ಟು ಒಂಟಿ ಗಾಯಕನೂ ಆಗಲಿಲ್ಲ. 1972ರಲ್ಲಿ ಸಂಸ್ಥೆ ಲಾಸ್ ಏಂಜಲೀಸ್‌ಗೆ ಹೊರಟಾಗ ಈ ನಾಲ್ವರು ಡೆಟ್ರಾಯಿಟ್‌ನಲ್ಲೇ ಉಳಿದು ಬೇರೆ ಕಂಪನಿ ಹಿಡಿದರು. 1997ರಲ್ಲಿ ಪೇಟನ್ ಸಾಯುವವರೆಗೆ ಒಬ್ಬನೂ ಬದಲಾಗಲಿಲ್ಲ. ನಲವತ್ನಾಲ್ಕು ವರ್ಷ! ನಮ್ಮ ಮೇಳದಲ್ಲಿ ಆರು ತಿಂಗಳಿಗೇ ಇಬ್ಬರು ಮುನಿಸಿಕೊಂಡು ಹೋಗಿದ್ದರು. ಸ್ಟಬ್ಸ್ 2008ರಲ್ಲಿ ತೀರಿಕೊಂಡ, ಕೊನೆಯವನಾದ ಫಕೀರ್ 2024ರಲ್ಲಿ.

ಬೇಸಿಗೆಯಲ್ಲಿ ಊರಿನ ಗ್ರಂಥಾಲಯದ ಹಿಂದಿನ ಹುಲ್ಲಿನ ಮೇಲೆ ನಮ್ಮ ಕಾರ್ಯಕ್ರಮವಾಯಿತು. ಮಡಿಸುವ ಕುರ್ಚಿ ತಂದಿದ್ದ ಅರವತ್ತು ಎಪ್ಪತ್ತು ಜನ, ಸೊಳ್ಳೆಗಳು ಅದಕ್ಕಿಂತ ಹೆಚ್ಚು. ಮುಂದೆ ಹಾಡಿದವನು ಅಂಚೆ ಇಲಾಖೆಯಿಂದ ನಿವೃತ್ತನಾದವನು. ಎಟುಕದ ಸ್ವರಕ್ಕೆ ಅವನು ಕೈಚಾಚಿದಾಗಲೆಲ್ಲ ಮುದುಕಿಯರು ಎದ್ದು ನಿಂತರು. ನಾನು ಷಡ್ಜದಲ್ಲಿ ನಿಂತಿದ್ದೆ.

ಶಿವಮೊಗ್ಗದಲ್ಲಿರುವ ಅಮ್ಮನಿಗೆ ಮುದ್ರಿಕೆ ಕಳಿಸಿದೆ. ಮರುದಿನ ಬೆಳಿಗ್ಗೆ ಫೋನ್ ಮಾಡಿದಳು.

“ಚೆನ್ನಾಗಿದೆ ಕಣೇ. ಇದರಲ್ಲಿ ನಿನ್ನ ದನಿ ಯಾವುದು?”

“ಕೆಳಗಿನದು, ಅಮ್ಮ.”

“ಎರಡು ಸಲ ಕೇಳಿದೆ, ನೀನು ಸಿಗಲೇ ಇಲ್ಲ.”

ಫೋನಿಟ್ಟು ನಾನೂ ಕೇಳಿದೆ. ನನಗೂ ಸಿಗಲಿಲ್ಲ. ಮತ್ತೆ ಹಾಕಿದೆ. ಎರಡನೆಯ ಚರಣದ ಕೊನೆಯಲ್ಲಿ, ಎಲ್ಲ ನಿಲ್ಲುವ ಮುಂಚೆ, ಮಂದ್ರ ನಿಷಾದ ಕೂದಲೆಳೆಯಷ್ಟು ತೂಗಿ ಷಡ್ಜದ ಕಡೆಗೆ ವಾಲಿದೆ. ಅದು ನಾನು.