ಉತ್ತರ ದಿಕ್ಕಿನ ಬಾಲ್ಕನಿಯಲ್ಲಿ ಒಂದೆಲಗ, ದೊಡ್ಡಪತ್ರೆ, ಪುದೀನ

ನಮ್ಮ ಬಾಲ್ಕನಿ ಉತ್ತರಕ್ಕೆ ಮುಖ ಮಾಡಿದೆ. ಮೂರಡಿ ಅಗಲ, ಎಂಟಡಿ ಉದ್ದ. ಅದರಲ್ಲೂ ಒಂದು ಮೂಲೆ ವಾಷಿಂಗ್ ಮಷೀನಿಗೆ ಹೋಗಿದೆ, ತಲೆ ಮೇಲೆ ಬಟ್ಟೆ ಹಗ್ಗ. ಬೆಂಗಳೂರಿನ ಬಾಡಿಗೆ ಮನೆಗಳನ್ನು ನೋಡಿದವರಿಗೆ ಇದೇನೂ ಹೊಸದಲ್ಲ. ಇಷ್ಟರಲ್ಲೇ ವರ್ಷವಿಡೀ ಅಡುಗೆಗೆ ಸೊಪ್ಪು ಕೀಳುತ್ತಿದ್ದೇನೆ. ಎಲ್ಲ ಸೊಪ್ಪೂ ಅಲ್ಲ, ಈ ಬಾಲ್ಕನಿಗೆ ಒಗ್ಗುವ ಸೊಪ್ಪು ಮಾತ್ರ. ಏನು ಒಗ್ಗುತ್ತದೆ ಅನ್ನುವುದು ಪೂರ್ತಿ ಬಿಸಿಲಿನ ಮೇಲೆ ನಿಂತಿದೆ, ಹಾಗಾಗಿ ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಆಸುಪಾಸು ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ಕಂಬದ ನೆರಳೂ ಬೀಳದ ಆ ಶೂನ್ಯ ನೆರಳಿನ ದಿನದ ಫೋಟೋಗಳನ್ನು ನೀವೂ ನೋಡಿರುತ್ತೀರಿ. ಅಲ್ಲಿಂದ ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ನೆತ್ತಿಗೆ ಬರುವವರೆಗೆ ಸೂರ್ಯ ನಮ್ಮ ಉತ್ತರಕ್ಕೇ ಇರುತ್ತಾನೆ. ಅಂದರೆ ಉತ್ತರದ ಬಾಲ್ಕನಿಗೆ ಬಿಸಿಲೇ ಇಲ್ಲ ಅನ್ನುವ ಮಾತು ಅರ್ಧ ಮಾತ್ರ ನಿಜ. ಮೇ, ಜೂನ್‌ನಲ್ಲಿ ಬೆಳಿಗ್ಗೆ ಮತ್ತು ಸಂಜೆ ಓರೆಯಾಗಿ ಒಳ್ಳೆ ಬಿಸಿಲು ಬೀಳುತ್ತದೆ. ಮಧ್ಯಾಹ್ನದ್ದು ಮಾತ್ರ ತುಂಬ ಕಡಿದಾಗಿರುವುದರಿಂದ, ಮೇಲಿನ ಮನೆಯವರ ಬಾಲ್ಕನಿ ಅಡ್ಡ ಬಂದು ಗ್ರಿಲ್ ಅಂಚಿಗೆ ಬಿಟ್ಟರೆ ಒಳಗೆ ಬರುವುದಿಲ್ಲ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ನಡುವಿನವರೆಗೆ ನೇರ ಬಿಸಿಲು ಸೊನ್ನೆ. ಬರೀ ಬೆಳಕು.

ಈಗ ಕೊತ್ತಂಬರಿ ಸೊಪ್ಪಿನ ಕಥೆ ನೋಡಿ. ಬಾಲ್ಕನಿ ತೋಟ ಅಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. ಅದಕ್ಕೆ ತಂಪು ಹವೆ ಬೇಕು, ಬಿಸಿಲೂ ಬೇಕು. ಸೆಕೆ ಜಾಸ್ತಿಯಾದರೆ ಎಲೆ ಬಿಡುವುದು ಬಿಟ್ಟು ಹೂ ಕಟ್ಟುತ್ತದೆ. ಬೆಂಗಳೂರಲ್ಲಿ ತಂಪು ಇರುವುದು ಚಳಿಗಾಲದಲ್ಲಿ, ಆಗ ನಮ್ಮ ಬಾಲ್ಕನಿಗೆ ಬಿಸಿಲಿಲ್ಲ. ಬಿಸಿಲು ಬರುವ ಮೇ ತಿಂಗಳಲ್ಲಿ ಕೊತ್ತಂಬರಿಗೆ ಸೆಕೆ. ಹೋಗಲಿ ಬಿಡಿ ಅಂತ ನಾನು ಕೊತ್ತಂಬರಿಯನ್ನು ತಳ್ಳುಗಾಡಿಯವರಿಗೇ ಬಿಟ್ಟಿದ್ದೇನೆ. ದಕ್ಷಿಣ ಅಥವಾ ಪೂರ್ವದ ಬಾಲ್ಕನಿ ಇದ್ದವರು ಧಾರಾಳವಾಗಿ ಹಾಕಿ. ಬೀಜವನ್ನು ಚಪ್ಪಲಿಯಲ್ಲೋ ಲಟ್ಟಣಿಗೆಯಲ್ಲೋ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಬೇಕು, ಒಂದು ಕಾಳಿನಲ್ಲಿ ಎರಡು ಬೀಜ ಇರುತ್ತವೆ. ರಾತ್ರಿ ನೆನೆಸಿ ಹಾಕಿದರೂ ಮೊಳಕೆ ಬರಲು ಹತ್ತು ದಿನ ಆಗುತ್ತದೆ, ತಾಳ್ಮೆ ಬೇಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಇಶಾ ತಳಿ ಸಿಕ್ಕರೆ ಒಂದೇ ಸಲ ಬುಡ ಸಮೇತ ಕೀಳದೆ, ಮೇಲಿಂದ ಕತ್ತರಿಸಿಕೊಂಡು ಮತ್ತೆ ಚಿಗುರಿಸಬಹುದು.

ನನ್ನ ಬಾಲ್ಕನಿಯ ರಾಣಿ ಒಂದೆಲಗ. ನಮ್ಮೂರು ಶಿರಸಿ ಕಡೆ. ಅಲ್ಲಿ ಅಡಿಕೆ ತೋಟದ ಕಾಲುವೆ ಬದಿಯಲ್ಲಿ, ಮರದ ನೆರಳಲ್ಲಿ, ಯಾರೂ ನೆಡದೆ ಬೆಳೆಯುವ ಗಿಡ ಅದು. ನೆರಳು, ತೇವ ಎರಡೇ ಅದು ಕೇಳುವುದು. ಊರಿಂದ ಬರುವಾಗ ಬೇರು ಸಮೇತ ಒಂದು ಹಿಡಿ ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದೆ. ಊರಿನ ನಂಟು ಇಲ್ಲದವರು ನರ್ಸರಿಯಲ್ಲಿ ಕೇಳಿ ತರಬಹುದು. ಸೊಪ್ಪಿನ ಅಂಗಡಿಯಲ್ಲಿ ಬೇರಿರುವ ಕಟ್ಟು ಸಿಕ್ಕರೆ ಅದೂ ಸಾಕು.

ಇದಕ್ಕೆ ಕುಂಡಕ್ಕಿಂತ ಅಗಲದ ಪ್ಲಾಸ್ಟಿಕ್ ಟಬ್ ಒಳ್ಳೆಯದು, ಆರು ಇಂಚು ಆಳ ಇದ್ದರೆ ಸಾಕು. ನಾನು ಟಬ್ಬಿನ ತಳಕ್ಕೆ ತೂತು ಹಾಕಲಿಲ್ಲ. ಪಕ್ಕಕ್ಕೆ, ತಳದಿಂದ ಒಂದೂವರೆ ಇಂಚು ಮೇಲೆ, ಬಿಸಿ ಮೊಳೆಯಿಂದ ನಾಲ್ಕೈದು ತೂತು ಮಾಡಿದೆ. ಜಾಸ್ತಿ ನೀರು ಆಚೆ ಹೋಗುತ್ತದೆ, ಕೆಳಗೆ ಸ್ವಲ್ಪ ನಿಂತಿರುತ್ತದೆ, ಬೇರು ಅದನ್ನು ಕುಡಿದುಕೊಂಡಿರುತ್ತದೆ. ಮಣ್ಣಿನ ಮೇಲೆ ಮಾತ್ರ ನೀರು ನಿಲ್ಲಬಾರದು, ಸೊಳ್ಳೆ ಬರುತ್ತದೆ. ಬಳ್ಳಿ ಹರಿದಲ್ಲೆಲ್ಲ ಗೆಣ್ಣಿಗೆ ಬೇರು ಬಿಟ್ಟುಕೊಂಡು ಹೋಗುತ್ತದೆ, ಟಬ್ ತುಂಬಿದ ಮೇಲೆ ಅಂಚಿನಿಂದ ಹೊರಗೂ ಇಳಿಯುತ್ತದೆ. ಎಲೆ ಕೀಳುವಾಗ ದೊಡ್ಡದನ್ನು ತೊಟ್ಟು ಸಮೇತ ಕಿತ್ತರೆ ಹೊಸದು ಬೇಗ ಬರುತ್ತದೆ.

ದೊಡ್ಡಪತ್ರೆ ಇದಕ್ಕೆ ಪೂರ್ತಿ ಉಲ್ಟಾ. ದಪ್ಪ ಎಲೆಯಲ್ಲೇ ನೀರು ಇಟ್ಟುಕೊಂಡಿರುತ್ತದೆ, ಮರೆತರೂ ಬೇಜಾರಿಲ್ಲ. ಒಂದು ಗೇಣು ಕಡ್ಡಿ ಮುರಿದು ಚುಚ್ಚಿದರೆ ಆಯಿತು. ಸಾಯಿಸುವ ದಾರಿ ಒಂದೇ, ಪ್ರೀತಿಯಿಂದ ದಿನಾ ನೀರು ಹಾಕುವುದು. ಬುಡ ಕಪ್ಪಾಗಿ ಮೆತ್ತಗಾಯಿತು ಅಂದರೆ ಆ ಗಿಡವನ್ನು ಉಳಿಸಲು ಹೋಗಬೇಡಿ, ಮೇಲಿನ ಚೆನ್ನಾಗಿರುವ ತುದಿ ಮುರಿದು ಹೊಸ ಮಣ್ಣಿಗೆ ನೆಡಿ. ನೆರಳಲ್ಲಿ ಗಿಡ ಉದ್ದುದ್ದ ಬೆಳೆದು ಬಾಗುತ್ತದೆ, ಅದಕ್ಕೆ ಇದನ್ನು ಗ್ರಿಲ್ ಅಂಚಿಗೇ ಇಟ್ಟಿದ್ದೇನೆ. ತುದಿ ಚಿವುಟುತ್ತಾ ಇದ್ದರೆ ಪೊದೆಯಾಗುತ್ತದೆ.

ಪುದೀನಕ್ಕೆ ಗಿಡ ಕೊಳ್ಳಲೇಬೇಡಿ. ಪಲಾವ್‌ಗೆ ಅಂತ ತಂದ ಕಟ್ಟಿನಲ್ಲೇ ದಪ್ಪ ಕಡ್ಡಿ ಆರಿಸಿ, ಕೆಳಗಿನ ಎಲೆ ತೆಗೆದು ಲೋಟದ ನೀರಲ್ಲಿ ನಿಲ್ಲಿಸಿ. ಎರಡು ದಿನಕ್ಕೊಮ್ಮೆ ನೀರು ಬದಲಿಸಿದರೆ ವಾರ, ಹತ್ತು ದಿನದಲ್ಲಿ ಬಿಳಿ ಬೇರು ಕಾಣುತ್ತದೆ. ಆಮೇಲೆ ಅಗಲದ ಕುಂಡಕ್ಕೆ. ಅದರ ಜೊತೆ ಬೇರೆ ಏನನ್ನೂ ಹಾಕಬೇಡಿ, ಪುದೀನ ಕುಂಡವನ್ನೆಲ್ಲ ತನ್ನದೇ ಮಾಡಿಕೊಳ್ಳುತ್ತದೆ. ಆರೇಳು ತಿಂಗಳಾದ ಮೇಲೆ ನಡುವೆ ಬೋಳಾಗಿ ಬರೀ ಅಂಚಿನಲ್ಲಿ ಹಸಿರು ಉಳಿಯುವುದುಂಟು, ಒಳಗೆಲ್ಲ ಬೇರೇ ತುಂಬಿರುತ್ತದೆ. ಆಗ ಇಡೀ ಕುಂಡ ಮಗುಚಿ, ಬೇರಿನ ಮುದ್ದೆಯನ್ನು ಚಾಕುವಿನಿಂದ ನಾಲ್ಕು ಭಾಗ ಮಾಡಿ, ಒಂದನ್ನು ಹೊಸ ಮಣ್ಣಿಗೆ ಹಾಕಿ ಉಳಿದದ್ದನ್ನು ಹಂಚಿಬಿಡುತ್ತೇನೆ.

ಕರಿಬೇವು ಇದೆ, ಆದರೆ ಅದರ ಮೇಲೆ ನನಗೆ ದೊಡ್ಡ ಭರವಸೆಯಿಲ್ಲ. ಅದು ಬಿಸಿಲಿನ ಮರ. ಮೇಯಿಂದ ಆಗಸ್ಟ್‌ವರೆಗೆ ಚಿಗುರುತ್ತದೆ, ಚಳಿಗೆ ಸುಮ್ನೆ ನಿಂತುಬಿಡುತ್ತದೆ. ಆಗ ಗೊಬ್ಬರ ಸುರಿದು ಪ್ರಯೋಜನವಿಲ್ಲ. ಎಲೆ ಮೇಲೆ ಹಕ್ಕಿ ಹಿಕ್ಕೆಯಂಥದ್ದು ಕಂಡರೆ ಒರೆಸುವ ಮೊದಲು ಹತ್ತಿರದಿಂದ ನೋಡಿ, ಅದು ಚಿಟ್ಟೆಯ ಮರಿಹುಳ ಇರಬಹುದು. ದೊಡ್ಡದಾದಂತೆ ಹಸಿರಾಗುತ್ತದೆ. ಚಿಕ್ಕ ಗಿಡವನ್ನು ನಾಲ್ಕೇ ದಿನದಲ್ಲಿ ಬೋಳಿಸಬಲ್ಲದು. ನಾನು ಅವನ್ನು ಒಂದು ಕೊಂಬೆಗೆ ಸಾಗಿಸಿ ಅಲ್ಲೇ ಬಿಡುತ್ತೇನೆ, ಒಗ್ಗರಣೆಗೆ ಉಳಿದ ಕೊಂಬೆ ಸಾಕು. ತುಳಸಿಗೂ ಬಿಸಿಲೇ ಬೇಕು, ಕದಿರು ಬಂದ ಹಾಗೆ ಚಿವುಟಬೇಕು. ಇಷ್ಟೇ.

ಮಣ್ಣಿನ ವಿಷಯಕ್ಕೆ ಜನ ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ. ಕೆಂಪುಮಣ್ಣು, ಕೋಕೋಪೀಟ್, ಎರೆಗೊಬ್ಬರ ಸಮಸಮ, ಮೇಲೆ ಒಂದು ಹಿಡಿ ಬೇವಿನ ಹಿಂಡಿ. ದೊಡ್ಡಪತ್ರೆಗೆ ಮಾತ್ರ ಸ್ವಲ್ಪ ಮರಳು ಜಾಸ್ತಿ. ಬರೀ ಕೆಂಪುಮಣ್ಣು ಹಾಕಿದರೆ ಕುಂಡದಲ್ಲಿ ಇಟ್ಟಿಗೆಯ ಹಾಗೆ ಗಟ್ಟಿಯಾಗುತ್ತದೆ, ಭಾರವೂ ಹೆಚ್ಚು. ಕೋಕೋಪೀಟ್ ಇಟ್ಟಿಗೆ ತಂದರೆ ನೆನೆಸಿ, ಹಿಂಡಿ, ಇನ್ನೊಂದು ಸಲ ನೀರು ಬದಲಿಸಿ. ತೆಂಗಿನ ನಾರಿನಲ್ಲಿ ಉಪ್ಪು ಇರುತ್ತದೆ. ನೀರಿಗೂ ಅದೇ ಮಾತು. ಬೋರ್‌ವೆಲ್ ನೀರು ಹಾಕುವ ಮನೆಗಳಲ್ಲಿ ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟುವುದು ನೋಡಿದ್ದೀರಲ್ವಾ, ಎಲೆ ತುದಿ ಸುಡಲು ಅದೂ ಒಂದು ಕಾರಣ. ವಾಟರ್ ಫಿಲ್ಟರ್‌ನಿಂದ ಆಚೆ ಹೋಗುವ ನೀರಿನಲ್ಲಂತೂ ಉಪ್ಪು ಇನ್ನೂ ಜಾಸ್ತಿ, ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ. ಅಕ್ಕಿ ತೊಳೆದ ನೀರು ಧಾರಾಳವಾಗಿ ಹಾಕಬಹುದು. ಮಳೆ ಬಂದಾಗ ಒಂದು ಬಕೆಟ್ ಹಿಡಿದರೆ ಇನ್ನೂ ಒಳ್ಳೆಯದು.

ನೀರು ಯಾವಾಗ ಹಾಕಬೇಕು ಅನ್ನುವುದಕ್ಕೆ ಬೆರಳೇ ಸಾಕು. ಕೋಕೋಪೀಟ್ ಮೇಲೆ ಒಣಗಿ ಕಂಡರೂ ಒಳಗೆ ಒದ್ದೆ ಇರುತ್ತದೆ, ಎರಡನೇ ಗೆಣ್ಣಿನವರೆಗೆ ಬೆರಳಿಟ್ಟು ನೋಡಿ. ಕುಂಡಗಳ ಕೆಳಗೆ ತಟ್ಟೆ ಇಡಲೇಬೇಕು, ಕೆಳಗಿನ ಮನೆಯ ಆಂಟಿಯ ಒಣಹಾಕಿದ ಬಟ್ಟೆ ಮೇಲೆ ಕೆಂಪು ನೀರು ಬಿದ್ದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಆದರೆ ತಟ್ಟೆಯಲ್ಲಿ ನಿಂತ ನೀರನ್ನು ವಾರಕ್ಕೆ ಎರಡು ಸಲ ಚೆಲ್ಲಿ ಉಜ್ಜಿ. ಡೆಂಗಿ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಒಂದು ವಾರ, ಹತ್ತು ದಿನ ಸಾಕು.

ಹುಳ, ಹಿಟ್ಟುತಿಗಣೆಗಿಂತ ನನಗೆ ದೊಡ್ಡ ತಲೆನೋವು ಪಾರಿವಾಳ. ಹೊಸ ಸಸಿ ಕೀಳುತ್ತವೆ, ಖಾಲಿ ಕುಂಡ ಕಂಡರೆ ಕಡ್ಡಿ ತಂದು ಗೂಡು ಶುರುಮಾಡುತ್ತವೆ. ಬಲೆ ಹಾಕಿಸಲು ಮನೆ ಓನರ್ ಒಪ್ಪಲಿಲ್ಲ. ಈಗ ಹೊಸದಾಗಿ ನೆಟ್ಟ ಕುಂಡಗಳಲ್ಲಿ ಪೊರಕೆ ಕಡ್ಡಿಗಳನ್ನು ಒತ್ತೊತ್ತಾಗಿ ಚುಚ್ಚಿಡುತ್ತೇನೆ, ಕೂರಲು ಜಾಗ ಸಿಗುವುದಿಲ್ಲ. ಹಿಟ್ಟುತಿಗಣೆಗೆ ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಚೆನ್ನಾಗಿ ಕಲಕಿ ಸಂಜೆ ಹೊತ್ತು ಸಿಂಪಡಿಸುತ್ತೇನೆ. ಸಿಂಪಡಿಸಿದ ಮೇಲೆ ನಾಲ್ಕೈದು ದಿನ ಆ ಎಲೆ ಅಡುಗೆಗೆ ಬೇಡ, ಕಹಿ.

ಕಿತ್ತ ಸೊಪ್ಪು ಹೆಚ್ಚಾಗಿ ತಂಬುಳಿಗೇ ಹೋಗುತ್ತದೆ. ಒಂದೆಲಗಕ್ಕೆ ಒಂದು ಹಿಡಿ ಎಲೆ, ತುಪ್ಪದಲ್ಲಿ ಹುರಿದ ಜೀರಿಗೆ, ಕಾಳುಮೆಣಸು, ಕಾಯಿತುರಿ ಸೇರಿಸಿ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಆಯಿತು, ಎಲೆ ಹಸಿಯಾಗೇ ಇರಲಿ. ದೊಡ್ಡಪತ್ರೆ ಹಾಗಲ್ಲ. ಅದರ ಖಾರದ ಹಸಿ ವಾಸನೆ ಮಕ್ಕಳಿಗೆ ಸೇರುವುದಿಲ್ಲ, ಅದೇ ತುಪ್ಪದಲ್ಲಿ ಎಲೆ ಬಾಡಿ ಬಣ್ಣ ಕಂದುವವರೆಗೆ ಹುರಿಯಿರಿ. ಎಂಟು ಹತ್ತು ಎಲೆ ಸಾಕು ಮನೆಮಂದಿಗೆಲ್ಲ.

ಊರಿಗೆ ಹೋಗುವಾಗ ಏನು ಮಾಡುತ್ತೀರಿ ಅಂತ ಬಹಳ ಜನ ಕೇಳುತ್ತಾರೆ. ದೊಡ್ಡಪತ್ರೆಗೆ ಏನೂ ಬೇಡ. ಒಂದೆಲಗದ ಟಬ್ಬಿಗೆ ಪಕ್ಕದ ತೂತಿನವರೆಗೆ ನೀರು ತುಂಬಿಸಿ, ಗ್ರಿಲ್‌ನಿಂದ ಒಳಗೆ ಎಳೆದಿಟ್ಟರೆ ನಾಲ್ಕೈದು ದಿನ ಚಿಂತೆಯಿಲ್ಲ. ಪುದೀನಕ್ಕೆ ಹಳೆ ಹತ್ತಿ ಬಟ್ಟೆ ಹರಿದು ಬತ್ತಿ ಮಾಡಿ, ಒಂದು ತುದಿ ಮಣ್ಣಿನಲ್ಲಿ ಹೂತು ಇನ್ನೊಂದು ತುದಿಯನ್ನು ಪಕ್ಕದಲ್ಲಿ ಸ್ವಲ್ಪ ಎತ್ತರಕ್ಕಿಟ್ಟ ನೀರಿನ ಡಬ್ಬದಲ್ಲಿ ಇಳಿಬಿಡಿ. ಡಬ್ಬಕ್ಕೆ ಮುಚ್ಚಳ ಇರಲಿ, ಬತ್ತಿ ತೂರುವಷ್ಟೇ ತೂತು. ಹೊರಡುವ ಎರಡು ದಿನ ಮೊದಲೇ ಹೀಗೆ ಇಟ್ಟು ನೀರು ಎಷ್ಟು ಇಳಿಯುತ್ತದೆ ಅಂತ ನೋಡಿಕೊಂಡರೆ ಡಬ್ಬದ ಅಳತೆ ಗೊತ್ತಾಗುತ್ತದೆ.