ಬರೆದಿದ್ದಾಯ್ತು, ಪ್ರೆಸ್ಸಿಗೆ ಕೊಡುವ ಮುಂಚೆ

ಕಾದಂಬರಿಯ ಕೊನೇ ಸಾಲು ಬರೆದ ರಾತ್ರಿಯೇ ಅದನ್ನು ಪ್ರಕಾಶಕರಿಗೆ ಮೇಲ್ ಮಾಡಬೇಡಿ. ನಾನು ಮಾಡಿದ್ದೆ, ಅದಕ್ಕೇ ಹೇಳುತ್ತಿದ್ದೇನೆ. ಆರಿದ್ರ ಮಳೆ ಹಿಡಿದ ಹೊತ್ತಲ್ಲಿ ಬರೆದು ಮುಗಿಸಿದ್ದರೆ ಅಡಿಕೆ ಕೊನೆಕೊಯ್ಲು ಶುರುವಾಗುವವರೆಗೆ ಕಪಾಟಿನಲ್ಲಿಡಿ. ಅಷ್ಟು ತಡೆಯೋಕಾಗದಿದ್ದರೆ ಒಂದೂವರೆ ತಿಂಗಳಾದರೂ ಬಿಡಿ. ಆಮೇಲೆ ತೆಗೆದರೆ ಬೇರೆ ಯಾರೋ ಬರೆದ ಹಾಗೆ ಕಾಣುತ್ತದೆ, ನಮಗೆ ಬೇಕಾಗಿರೋದೂ ಅದೇ.

ಮೊದಲ ಸುತ್ತಿನಲ್ಲಿ ಕಾಗುಣಿತಕ್ಕೆ ಕೈ ಹಾಕಬೇಡಿ. ನಾವೆಲ್ಲ ಉಲ್ಟಾ ಮಾಡುತ್ತೇವೆ. ವಾರಗಟ್ಟಲೆ ಕೂತು ಅಲ್ಪಪ್ರಾಣ ಮಹಾಪ್ರಾಣ ತಿದ್ದಿ, ಆಮೇಲೆ ಆ ಅಧ್ಯಾಯವೇ ಬೇಡ ಅನ್ನಿಸಿ ಕಿತ್ತುಹಾಕುತ್ತೇವೆ. ಅದರ ಬದಲು ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಅಧ್ಯಾಯಕ್ಕೂ ಎರಡೇ ಸಾಲು ಬರೆಯಿರಿ: ಇಲ್ಲಿ ಏನಾಯ್ತು, ಇದರಿಂದ ಯಾರ ಬದುಕಿನಲ್ಲಿ ಏನು ಬದಲಾಯ್ತು. ಎರಡನೇ ಸಾಲಿಗೆ ಏನೂ ಸಿಗದಿದ್ದರೆ ಆ ಅಧ್ಯಾಯ ಸುಮ್ನೆ ಕೂತಿದೆ ಅಂತ. ನನ್ನ ಇಪ್ಪತ್ತಾರರಲ್ಲಿ ನಾಲ್ಕು ಹಾಗೇ ಹೋದವು, ಅದರಲ್ಲಿ ಎರಡು ಬರೀ ಆಗುಂಬೆಯ ಮಳೆ. ಮಲೆನಾಡಿನವರಿಗೆ ಮಳೆ ಶುರುವಾದರೆ ಪೆನ್ನು ನಿಲ್ಲುವುದಿಲ್ಲ, ಏನು ಮಾಡೋದು.

ಆಮೇಲೆ ಜೋರಾಗಿ ಓದಿ. ಯಾರಾದರೂ ಎದುರಿಗಿದ್ದರೆ ಇನ್ನೂ ಒಳ್ಳೆಯದು. ನಾನು ತೀರ್ಥಹಳ್ಳಿ ಕಡೆಯ ನಮ್ಮ ಮಾವನ ಮನೆಯಲ್ಲಿ, ರಾತ್ರಿ ಅಡಿಕೆ ಸುಲಿಯಲು ಕೂತವರ ಮುಂದೆ ಓದಿದೆ. ಅವರೇನು ವಿಮರ್ಶೆ ಮಾಡುವುದಿಲ್ಲ. ಆದರೆ ಕಥೆ ಹಿಡಿದಾಗ ಕತ್ತಿಯ ಸದ್ದು ಮಾತ್ರ ಕೇಳುತ್ತದೆ, ಸಡಿಲವಾದ ಕೂಡಲೇ ಒಬ್ಬರು ಎಲೆಯಡಿಕೆ ತಟ್ಟೆ ಎಳೆದುಕೊಳ್ಳುತ್ತಾರೆ, ಇನ್ನೊಬ್ಬರು ಕೊಳೆರೋಗದ ಮಾತೆತ್ತುತ್ತಾರೆ. ಅಲ್ಲಲ್ಲೇ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡೆ. ಬೆಳಿಗ್ಗೆ ನೋಡಿದರೆ ಹತ್ತರಲ್ಲಿ ಎಂಟು ಗೆರೆ ನನಗೆ ಭಾರೀ ಇಷ್ಟವಾದ ಪ್ಯಾರಾಗಳ ಪಕ್ಕದಲ್ಲೇ ಇದ್ದವು.

ಮೂರನೆಯದು ಕಾಲದ ಲೆಕ್ಕ. ಪಾತ್ರಗಳ ವಯಸ್ಸು, ಇಸವಿ, ತಿಂಗಳು ಎಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಹೊಂದಿಸಿ ನೋಡಿ. ನನ್ನ ಕಥೆಯಲ್ಲಿ ಆರಿದ್ರ ಮಳೆ ಹೊಯ್ಯುವಾಗ ಅಜ್ಜಿ ಅಂಗಳದಲ್ಲಿ ಅಡಿಕೆ ಒಣಗಿಸುತ್ತಿದ್ದಳು! ಹಳೇ ಕಾಲದ ಕಥೆಯಾದರೆ ಇನ್ನೂ ಹುಷಾರು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ, ಹಾಗಾಗಿ 1955ರ ಹುಡುಗ ಅದರ ಹಿನ್ನೀರಿನ ದಡದಲ್ಲಿ ಕೂತು ಅಳುವ ಹಾಗಿಲ್ಲ. 1973ರ ನವೆಂಬರ್ 1ಕ್ಕಿಂತ ಮುಂಚೆ ರಾಜ್ಯದ ಹೆಸರು ಮೈಸೂರು. ನಯಾಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ, ಅದಕ್ಕೆ ಮುಂಚಿನ ಹೋಟೆಲಿನಲ್ಲಿ ಕಾಫಿಗೆ ಆಣೆಯಲ್ಲೇ ದುಡ್ಡು ಕೊಡಿಸಿ.

ಇಷ್ಟಾದ ಮೇಲೆ ಅಕ್ಷರಕ್ಕೆ ಬನ್ನಿ. ಮಾತುಕತೆಯಲ್ಲಿ ಊರಿನ ಭಾಷೆ ಇದ್ದರೆ ಬರೆಯುವ ರೀತಿ ಒಂದೇ ಇರಲಿ: ‘ಹೋಗ್ತೀನಿ’, ‘ಹೋಗ್ತೇನೆ’, ‘ಹೋಗ್ತೀನೆ’ ಮೂರೂ ಒಬ್ಬಳದೇ ಬಾಯಲ್ಲಿ ಬಂದರೆ ಓದುಗ ಎಡವುತ್ತಾನೆ. ಯಾವ ಪಾತ್ರಕ್ಕೆ ಯಾವುದು ಅಂತ ಪಟ್ಟಿ ಮಾಡಿ, ಆ ಪಟ್ಟಿಯನ್ನು ಕರಡು ತಿದ್ದುವವರಿಗೂ ಕೊಡಿ. ಇಲ್ಲದಿದ್ದರೆ ಅವರು ಒಳ್ಳೇ ಮನಸ್ಸಿನಿಂದಲೇ ನಿಮ್ಮ ಅಜ್ಜಿಯ ಕೈಲಿ ಪಠ್ಯಪುಸ್ತಕದ ಕನ್ನಡ ಮಾತಾಡಿಸುತ್ತಾರೆ.

ಫಾಂಟ್ ವಿಷಯ ಪ್ರೆಸ್ಸಿನವರನ್ನು ಮೊದಲೇ ಕೇಳಿ. ನೀವು ಯೂನಿಕೋಡ್‌ನಲ್ಲಿ ಬರೆದಿರುತ್ತೀರಿ, ಅಲ್ಲಿ ಇನ್ನೂ ಹಳೇ ನುಡಿ ಫಾಂಟಿನಲ್ಲಿ ಪುಟ ಕಟ್ಟುತ್ತಿರಬಹುದು. ಯೂನಿಕೋಡ್‌ನಿಂದ ನುಡಿಗೆ ಬದಲಾಯಿಸುವಾಗ ಒತ್ತಕ್ಷರ ಜಾಗ ತಪ್ಪುತ್ತದೆ, ‘ಸಾಫ್ಟ್‌ವೇರ್’ ಹೋಗಿ ‘ಸಾಫ್ಟ್ವೇರ್’ ಆಗುತ್ತದೆ. ಹಾಗಾಗಿ ಬದಲಾಯಿಸಿದ ಮೇಲೆ ಪೂರ್ತಿ ಮತ್ತೊಮ್ಮೆ ಓದಲೇಬೇಕು, ಬೇರೆ ದಾರಿ ಇಲ್ಲ.

ಪುಟದ ಲೆಕ್ಕವೂ ಗೊತ್ತಿರಲಿ. ಡೆಮಿ 1/8 ಅನ್ನುವ ಪುಸ್ತಕದ ಸೈಜಿನಲ್ಲಿ ಒಂದು ಫಾರ್ಮ್ (ಒಂದೇ ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳು) ಅಂದರೆ 16 ಪುಟ, ಹನ್ನೆರಡು ಫಾರ್ಮಿಗೆ 192. ನಿಮ್ಮದು 195ಕ್ಕೆ ನಿಂತರೆ ಆ ಮೂರು ಪುಟಕ್ಕಾಗಿ ಅರ್ಧ ಫಾರ್ಮ್ ಜಾಸ್ತಿ ಹಾಕಬೇಕು, ಕೊನೆಗೆ ಐದು ಪುಟ ಖಾಲಿ. ಮುನ್ನುಡಿ, ಅರ್ಪಣೆ, ಲೇಖಕರ ಮಾತು ಎಲ್ಲ ಸೇರಿಸಿಯೇ ಎಣಿಸಿ. ನಿಜ ಹೇಳಬೇಕೆಂದರೆ ಎಂಟು ಪುಟದ ಮುನ್ನುಡಿಯನ್ನು ಮೊಟಕು ಮಾಡಿದರೆ ಯಾರಿಗೂ ನಷ್ಟವಿಲ್ಲ.

ನೀವೇ ಪ್ರಕಟಿಸುವುದಾದರೆ ಐಎಸ್‌ಬಿಎನ್‌ಗೆ, ಅಂದರೆ ಪುಸ್ತಕದ ಗುರುತಿನ ಸಂಖ್ಯೆಗೆ, ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು, ದುಡ್ಡು ಕೊಡಬೇಕಿಲ್ಲ. ಪಾತ್ರದ ಬಾಯಲ್ಲಿ ಸಿನಿಮಾ ಹಾಡಿನ ಸಾಲು ಹಾಕಿದ್ದರೆ ಅನುಮತಿ ಕೇಳಿ, ಬರೆದವರು ತೀರಿಕೊಂಡು 60 ವರ್ಷ ಆಗುವವರೆಗೂ ಹಕ್ಕು ಇದ್ದೇ ಇರುತ್ತದೆ.

ಕೊನೇ ಕರಡನ್ನು ಮೊಬೈಲಿನಲ್ಲಿ ನೋಡಬೇಡಿ, ಪ್ರಿಂಟ್ ತೆಗೆಸಿ, ಕೆಂಪು ಪೆನ್ನು ಹಿಡಿದು ಕೂರಿ. ಒಳಗಿನ ಪುಟ ಮೂರು ಜನ ಓದಿರುತ್ತಾರೆ, ದೊಡ್ಡ ಅಕ್ಷರ ಯಾರೂ ಓದಿರುವುದಿಲ್ಲ. ಮುಖಪುಟ, ಬೆನ್ನುಡಿ, ಪುಸ್ತಕದ ಬೆನ್ನಿನ ಮೇಲಿನ ಹೆಸರು, ಇವನ್ನು ಬೆರಳಿಟ್ಟು ಒಂದೊಂದೇ ಅಕ್ಷರ ಓದಿ. ನನ್ನ ಮೊದಲ ಪುಸ್ತಕದ ಬೆನ್ನ ಮೇಲೆ ಇವತ್ತಿಗೂ ‘ಕದಂಬರಿ’ ಅಂತಲೇ ಇದೆ, ಐನೂರು ಪ್ರತಿಯಲ್ಲೂ.